ದುಬೈನ ದೊಡ್ಡ ಶಾಲೆಯೋ, ಹನೋಯ್‌ನ ಸಣ್ಣ ಐಬಿ ಶಾಲೆಯೋ? ಎರಡೂ ಆಫರ್ ಕೈಯಲ್ಲಿವೆ, ಎಂಟು ದಿನ ಟೈಮ್ ಇದೆ

ಫಿಸಿಕ್ಸ್ ಮೇಡಂ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಹನ್ನೊಂದು ವರ್ಷದಿಂದ ಫಿಸಿಕ್ಸ್ ಪಾಠ ಮಾಡುತ್ತಿದ್ದೇನೆ. ಕೊನೆಯ ಆರು ವರ್ಷ ಕೇಂಬ್ರಿಡ್ಜ್ ಸಿಲಬಸ್. 0625 (ಹತ್ತನೇ ಕ್ಲಾಸಿನ ಮಟ್ಟದ ಐಜಿಸಿಎಸ್‌ಇ ಫಿಸಿಕ್ಸ್), 9702 (ಪಿಯುಸಿ ಮಟ್ಟದ ಎ ಲೆವೆಲ್ ಫಿಸಿಕ್ಸ್) ಎರಡನ್ನೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್ ಅನ್ನೋ ಪಠ್ಯಕ್ರಮ) ಮಾತ್ರ ಇನ್ನೂ ಮುಟ್ಟಿಲ್ಲ. ಈ ವರ್ಷ ಧೈರ್ಯ ಮಾಡಿ ಹೊರದೇಶದ ಶಾಲೆಗಳಿಗೆ ಅರ್ಜಿ ಹಾಕಿದೆ, ಎರಡು ಕಡೆಯಿಂದ ಆಫರ್ ಬಂದಿದೆ.

ಒಂದು ದುಬೈನಲ್ಲಿ. ಬ್ರಿಟಿಷ್ ಕರಿಕ್ಯುಲಮ್, ಎರಡು ಸಾವಿರಕ್ಕೂ ಜಾಸ್ತಿ ಮಕ್ಕಳು, ಸೈನ್ಸ್ ಡಿಪಾರ್ಟ್‌ಮೆಂಟಿನಲ್ಲೇ ಇಪ್ಪತ್ತು ಜನ. ಇನ್ನೊಂದು ವಿಯೆಟ್ನಾಂನ ಹನೋಯ್‌ನಲ್ಲಿ, ಸಣ್ಣ ಶಾಲೆ, ಐಬಿ. ಅಲ್ಲಿ ಫಿಸಿಕ್ಸ್‌ಗೆ ನಾನೊಬ್ಬಳೇ. ಸಂಬಳ ನೋಡಿದರೆ ದುಬೈದು ಸುಮಾರು ಒಂದೂವರೆ ಪಟ್ಟು. ಆದರೆ ಹನೋಯ್ ಶಾಲೆಯ ಪ್ರಿನ್ಸಿಪಾಲ್ ಜೊತೆ ಮಾತಾಡಿದ ಒಂದು ಗಂಟೆ ಎಷ್ಟು ಚೆನ್ನಾಗಿತ್ತು ಅಂದರೆ, ಲ್ಯಾಬ್ ಹೇಗೆ ಕಟ್ಟೋಣ, ಮಕ್ಕಳಿಗೆ ಪ್ರಯೋಗ ಹೇಗೆ ಮಾಡಿಸೋಣ ಅಂತ ಬರೀ ಪಾಠದ ಮಾತೇ. ದುಬೈನವರು ಇಪ್ಪತ್ತು ನಿಮಿಷದಲ್ಲಿ ಇಂಟರ್‌ವ್ಯೂ ಮುಗಿಸಿದರು.

ನನ್ನ ಗಂಡ ಸಿವಿಲ್ ಇಂಜಿನಿಯರ್. ಮಗಳಿಗೆ ಏಳು ವರ್ಷ. ಇಬ್ಬರೂ ಬರುತ್ತಾರೆ. ಗಂಡ "ನಿನಗೆ ಎಲ್ಲಿ ಇಷ್ಟವೋ ಅಲ್ಲಿಗೆ ಹೋಗೋಣ" ಅನ್ನುತ್ತಾರೆ, ಅದೇ ನನಗೆ ಜಾಸ್ತಿ ಭಯ.

ಎರಡೂ ಎರಡು ವರ್ಷದ ಕಾಂಟ್ರಾಕ್ಟ್. ದುಡ್ಡು ನೋಡಲೋ, ಕೆಲಸ ನೋಡಲೋ? ಹತ್ತು ವರ್ಷ ಆದ ಮೇಲೆ ಯಾವುದರಿಂದ ನಾನು ಗಟ್ಟಿ ನೆಲದ ಮೇಲೆ ನಿಂತಿರುತ್ತೇನೆ? ಇದೇ ನನ್ನ ನಿಜವಾದ ಪ್ರಶ್ನೆ.

ಮೂರು ದೇಶದ ಲೆಕ್ಕದ ಮೇಷ್ಟ್ರು:

ಮೇಡಂ, ಮೊದಲು ಅಭಿನಂದನೆ. ಎರಡು ಆಫರ್ ಒಟ್ಟಿಗೆ ಬರುವುದು ಸುಲಭದ ಮಾತಲ್ಲ.

ನಾನು ಹದಿನಾಲ್ಕು ವರ್ಷದಿಂದ ಹೊರಗಿದ್ದೇನೆ, ಎರಡು ಗಲ್ಫ್ ದೇಶ, ಆಮೇಲೆ ಆಗ್ನೇಯ ಏಷ್ಯಾ. ಮೊದಲ ಕಾಂಟ್ರಾಕ್ಟಿಗೆ ಸಹಿ ಹಾಕುವಾಗ ಕೆಳಗಿನ ಒಟ್ಟು ಮೊತ್ತ ಮಾತ್ರ ನೋಡಿದ್ದೆ. ಅದರ ಬೆಲೆ ಆರು ವರ್ಷ ಆದಮೇಲೆ ಗೊತ್ತಾಯಿತು.

ದುಬೈ ಆಫರಿನಲ್ಲಿ "ಬೇಸಿಕ್" ಎಷ್ಟು ಅಂತ ಮೊದಲು ನೋಡಿ. ಯುಎಇಯಲ್ಲಿ ಇನ್ಕಮ್ ಟ್ಯಾಕ್ಸ್ ಇಲ್ಲ, ಸರಿ. ಆದರೆ ನಮ್ಮಂಥ ಹೊರಗಿನವರಿಗೆ ಅಲ್ಲಿನ ಸರ್ಕಾರದ ಪೆನ್ಷನ್ನೂ ಇಲ್ಲ. ಅದರ ಬದಲು ಕೆಲಸ ಬಿಡುವಾಗ ಗ್ರಾಚ್ಯುಟಿ ಕೊಡುತ್ತಾರೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್. ಕನಿಷ್ಠ ಒಂದು ವರ್ಷ ಮುಗಿಸಿರಬೇಕು. ಐದು ವರ್ಷಕ್ಕೆ 105 ದಿನ ಆಯಿತು ಅಲ್ವಾ? ಈಗ ನಿಮ್ಮ ಸಂಬಳದಲ್ಲಿ ಅರ್ಧ ಬೇಸಿಕ್, ಇನ್ನರ್ಧ ಅಲೋವೆನ್ಸ್ ಅಂತ ಇಟ್ಟುಕೊಳ್ಳಿ. ಆಗ ಆ 105 ದಿನ, ಪೂರ್ತಿ ಸಂಬಳದ ಲೆಕ್ಕದಲ್ಲಿ ಎರಡು ತಿಂಗಳೂ ಆಗುವುದಿಲ್ಲ. ಐದು ವರ್ಷದ ದುಡಿಮೆಗೆ ಅಷ್ಟೇ. ನನಗೆ ಆಗಿದ್ದು ಇದೇ. ಶಾಲೆ ಮೋಸ ಮಾಡಲಿಲ್ಲ, ಕಾಗದದಲ್ಲಿ ಎಲ್ಲ ಬರೆದಿತ್ತು. ನಾನು ಓದಿರಲಿಲ್ಲ.

ವಿಯೆಟ್ನಾಂ ಕಡೆ ಬನ್ನಿ. ಅಲ್ಲಿ ಟ್ಯಾಕ್ಸ್ ಇದೆ. ವರ್ಷಕ್ಕೆ 183 ದಿನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನೀವು ಅಲ್ಲಿನ ರೆಸಿಡೆಂಟ್, ಸಂಬಳ ಏರಿದ ಹಾಗೆ ದರವೂ ಏರುತ್ತದೆ, ಮೇಲಿನ ಹಂತ ನೂರಕ್ಕೆ 35. ಹಾಗಾಗಿ ಹನೋಯ್ ಶಾಲೆ ಹೇಳಿದ ಅಂಕಿ ಟ್ಯಾಕ್ಸಿಗೆ ಮುಂಚಿನದೋ ಆಮೇಲಿನದೋ ಕೇಳಿ. ಕೆಲವು ಶಾಲೆಗಳು ಕೈಗೆ ಬರುವ ಮೊತ್ತವನ್ನೇ ಹೇಳುತ್ತವೆ, ಕೆಲವು ಹೇಳುವುದಿಲ್ಲ. ಇದು ಗೊತ್ತಾಗದೆ "ಒಂದೂವರೆ ಪಟ್ಟು" ಅನ್ನೋ ಹೋಲಿಕೆಗೆ ಅರ್ಥವೇ ಇಲ್ಲ.

ಇನ್ನು ಮನೆ. ಶಾಲೆಯೇ ಮನೆ ಕೊಡುತ್ತದೋ, ದುಡ್ಡು ಕೊಡುತ್ತದೋ? ವಿಮಾನ ಟಿಕೆಟ್ ವರ್ಷಕ್ಕೊಮ್ಮೆಯೋ, ಕಾಂಟ್ರಾಕ್ಟಿನ ಮೊದಲು ಮತ್ತು ಕೊನೆಗೆ ಮಾತ್ರವೋ, ಮೂವರಿಗೂ ಇದೆಯೋ? ಮೆಡಿಕಲ್ ಇನ್ಶುರೆನ್ಸ್ ಮೂವರಿಗೂ ಇದೆಯೋ, ಈಗಾಗಲೇ ಇರುವ ಕಾಯಿಲೆಗೆ ಕೊಡುತ್ತಾರೋ? ಮಗಳ ಸೀಟು ಪೂರ್ತಿ ಫ್ರೀಯೋ, ಅರ್ಧವೋ? ಈ ಕೊನೆಯದನ್ನು ಬಾಯಿಮಾತಿಗೆ ಬಿಡಬೇಡಿ. ಇಂಟರ್‌ನ್ಯಾಷನಲ್ ಶಾಲೆಯ ಫೀಸು ಒಬ್ಬ ಟೀಚರ್ ಸಂಬಳದಲ್ಲಿ ಕಟ್ಟುವಂಥದ್ದಲ್ಲ. ಅದೊಂದೇ ನಿಮ್ಮ ಲೆಕ್ಕ ತಲೆಕೆಳಗು ಮಾಡಬಲ್ಲದು.

ಮತ್ತೊಂದು ಮಾತು, ಇದನ್ನು ಕೇಳಲು ಸಂಕೋಚ ಪಡಬೇಡಿ. "ಇದೇ ಅರ್ಹತೆ, ಇದೇ ಅನುಭವ ಇರುವ ಬೇರೆ ಪಾಸ್‌ಪೋರ್ಟಿನ ಟೀಚರ್‌ಗೂ ಇದೇ ಸ್ಕೇಲಾ?" ಅಂತ ನೇರವಾಗಿ ಕೇಳಿ. ನಮ್ಮ ಪಕ್ಕದ ಕ್ಲಾಸಿನಲ್ಲಿ ಅದೇ ಪಾಠ ಮಾಡುವವರಿಗೆ ಬೇರೆ ಸಂಬಳ ಇರುವ ಶಾಲೆಗಳು ಇವೆ. ನಾನು ಅಂಥ ಒಂದು ಕಡೆ ನಾಲ್ಕು ವರ್ಷ ಕೆಲಸ ಮಾಡಿದೆ, ಗೊತ್ತಾದ ದಿನದಿಂದ ಸ್ಟಾಫ್‌ರೂಮಿನಲ್ಲಿ ಕೂರುವುದೇ ಕಷ್ಟ ಆಯಿತು. ಒಂದೇ ಸ್ಕೇಲ್ ಇರುವ ಶಾಲೆ ಅದನ್ನು ಹೆಮ್ಮೆಯಿಂದ ಕಳಿಸುತ್ತದೆ. ಇಲ್ಲದ ಶಾಲೆ ಮಾತು ತಿರುಗಿಸುತ್ತದೆ. ಆ ತಿರುಗಿಸುವುದೇ ಉತ್ತರ.

ಐಬಿ ಕೆಮಿಸ್ಟ್ರಿ:

ಮೇಷ್ಟ್ರು ದುಡ್ಡಿನ ಬಗ್ಗೆ ಹೇಳಿದ್ದೆಲ್ಲ ಸರಿ. ನಾನು ಕೆಲಸದ ಬಗ್ಗೆ ಹೇಳುತ್ತೇನೆ.

ಕೇಂಬ್ರಿಡ್ಜ್ ಒಂದೇ ಗೊತ್ತಿರುವವರಿಗೂ ಕೆಲಸ ಸಿಗುತ್ತದೆ. ಆದರೆ ಕೇಂಬ್ರಿಡ್ಜ್ ಜೊತೆ ಐಬಿ ಡಿಪ್ಲೊಮಾ ಎರಡು ಬ್ಯಾಚ್ ಮುಗಿಸಿದ ಫಿಸಿಕ್ಸ್ ಟೀಚರ್‌ಗೆ ಬಾಗಿಲು ಇನ್ನೂ ಜಾಸ್ತಿ ತೆರೆಯುತ್ತವೆ. ಎರಡು ಬ್ಯಾಚ್ ಅಂದೆ, ಯಾಕೆಂದರೆ ಡಿಪ್ಲೊಮಾ ಅಂದರೆ ಶಾಲೆಯ ಕೊನೆಯ ಎರಡು ವರ್ಷದ ಕೋರ್ಸ್. ಎರಡು ವರ್ಷದ ಕಾಂಟ್ರಾಕ್ಟಿನಲ್ಲಿ ಒಂದು ಬ್ಯಾಚ್ ಮಾತ್ರ ಪೂರ್ತಿ ಆಗುತ್ತದೆ, ಮೊದಲ ಸಲ ನೀವೇ ಕಲಿಯುತ್ತಿರುತ್ತೀರಿ. ಫಿಸಿಕ್ಸ್ ಸಿಲಬಸ್ 2023ರಲ್ಲಿ ಬದಲಾಗಿ 2025ರಲ್ಲಿ ಮೊದಲ ಪರೀಕ್ಷೆ ನಡೆಯಿತು. ಹಳಬರೂ ಹೊಸದಾಗಿಯೇ ಓದಿಕೊಂಡಿದ್ದಾರೆ, ಹಾಗಾಗಿ ನೀವು ತೀರಾ ಹಿಂದೆ ಉಳಿದಿಲ್ಲ.

ಪಾಠ ಕಷ್ಟ ಅಲ್ಲ, ಸುತ್ತಲಿನ ಕೆಲಸ ಕಷ್ಟ. ಪ್ರತಿ ಮಗುವೂ ತನ್ನದೇ ಪ್ರಶ್ನೆ ಇಟ್ಟುಕೊಂಡು ತನ್ನದೇ ಪ್ರಯೋಗ ಮಾಡಿ 3000 ಪದದ ಒಳಗೆ ವರದಿ ಬರೆಯಬೇಕು, ಅದು ಅಂತಿಮ ಅಂಕದಲ್ಲಿ ನೂರಕ್ಕೆ 20. ಅದನ್ನು ಮೊದಲು ನೀವೇ ತಿದ್ದಬೇಕು. ಜೊತೆಗೆ ಫಿಸಿಕ್ಸಿನಲ್ಲಿ ಎಕ್ಸ್‌ಟೆಂಡೆಡ್ ಎಸ್ಸೇ (ಡಿಪ್ಲೊಮಾದ ಉದ್ದನೆಯ ಸಂಶೋಧನಾ ಪ್ರಬಂಧ) ತೆಗೆದುಕೊಂಡ ಮಕ್ಕಳಿಗೆ ನೀವೇ ಗೈಡ್. ಯೂನಿವರ್ಸಿಟಿಗೆ ಕಳಿಸುವ ಪ್ರೆಡಿಕ್ಟೆಡ್ ಗ್ರೇಡ್ (ಮಗುವಿಗೆ ಬರಬಹುದಾದ ಅಂಕದ ಅಂದಾಜು) ಕೊಡುವ ತಿಂಗಳಲ್ಲಿ ಅಪ್ಪ ಅಮ್ಮಂದಿರ ಒತ್ತಡ ಬೇರೆ. ಇಡೀ ಶಾಲೆಯಲ್ಲಿ ಫಿಸಿಕ್ಸ್‌ಗೆ ನೀವೊಬ್ಬರೇ ಅಂದರೆ, ಅನುಮಾನ ಬಂದಾಗ ಪಕ್ಕದಲ್ಲಿ ಕೇಳಲು ಯಾರೂ ಇಲ್ಲ. ನನ್ನ ಮೊದಲ ಐಬಿ ಶಾಲೆಯಲ್ಲಿ ಕೆಮಿಸ್ಟ್ರಿಗೆ ಇನ್ನಿಬ್ಬರಿದ್ದರು, ಅವರಿಲ್ಲದಿದ್ದರೆ ನಾನು ಮೊದಲ ವರ್ಷವೇ ಬಿಟ್ಟು ಬರುತ್ತಿದ್ದೆ. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಆದರೆ ಎಲ್ಲಕ್ಕಿಂತ ಮೊದಲು ಒಂದು ವಿಷಯ ನೋಡಿ. ಹನೋಯ್ ಶಾಲೆ ಡಿಪ್ಲೊಮಾಗೆ "ಆಥರೈಸ್ಡ್" ಶಾಲೆಯೋ, ಬರೀ "ಕ್ಯಾಂಡಿಡೇಟ್" ಶಾಲೆಯೋ? ಎರಡಕ್ಕೂ ತುಂಬಾ ವ್ಯತ್ಯಾಸ. ಕ್ಯಾಂಡಿಡೇಟ್ ಅಂದರೆ ಅನುಮತಿಗೆ ತಯಾರಿ ನಡೆಸುತ್ತಿರುವ ಶಾಲೆ, ಅಷ್ಟೇ. ಡಿಪ್ಲೊಮಾ ನಡೆಸುವ ಅಧಿಕಾರ ಇನ್ನೂ ಬಂದಿರುವುದಿಲ್ಲ. ಐಬಿಯ ವೆಬ್‌ಸೈಟಿನಲ್ಲಿ ಶಾಲೆಯ ಹೆಸರು ಹಾಕಿದರೆ ಯಾವ ಯಾವ ಪ್ರೋಗ್ರಾಂಗೆ ಅನುಮತಿ ಇದೆ ಅಂತ ಬರುತ್ತದೆ. ಪಿವೈಪಿಗೆ (ಸಣ್ಣ ಮಕ್ಕಳ ಪ್ರೈಮರಿ ಪ್ರೋಗ್ರಾಂ) ಇದ್ದು ಡಿಪ್ಲೊಮಾಗೆ ಇಲ್ಲದ ಶಾಲೆಗಳೂ ಇವೆ, ಅವೂ "ಐಬಿ ಶಾಲೆ" ಅಂತಲೇ ಹೇಳಿಕೊಳ್ಳುತ್ತವೆ. ಐದು ನಿಮಿಷದ ಕೆಲಸ, ಇವತ್ತೇ ಮಾಡಿ.

ಇನ್ನೊಂದು, ಹತ್ತು ವರ್ಷದ ಮಾತು ಕೇಳಿದಿರಲ್ಲ, ಅದಕ್ಕೆ. ಬಿಎಡ್ ಇದ್ದರೂ ಕೆಲವು ಬ್ರಿಟಿಷ್ ಶಾಲೆಗಳು ಇಂಗ್ಲೆಂಡಿನ ಕ್ಯೂಟಿಎಸ್ (ಅಲ್ಲಿನ ಅಧಿಕೃತ ಟೀಚರ್ ಅರ್ಹತೆ) ಕೇಳುತ್ತವೆ. 2023ರ ಫೆಬ್ರವರಿಯಿಂದ ಭಾರತವೂ ಸೇರಿ ಒಂಬತ್ತು ಕಡೆಯ ಗಣಿತ, ಸೈನ್ಸ್, ಭಾಷೆ ಟೀಚರ್‌ಗಳು ಅದಕ್ಕೆ ನೇರವಾಗಿ ಅರ್ಜಿ ಹಾಕಬಹುದು. ನಿಮ್ಮದು ಫಿಸಿಕ್ಸ್, ನಿಯಮ ಓದಿ ನೋಡಿ. ಬರೀ ಐಪಿಜಿಸಿಇ (ಹೊರದೇಶದ ಟೀಚರ್‌ಗಳಿಗೆ ಬ್ರಿಟಿಷ್ ಯೂನಿವರ್ಸಿಟಿಗಳು ನಡೆಸುವ ಕೋರ್ಸ್) ಮಾಡಿದರೆ ಕ್ಯೂಟಿಎಸ್ ಬರುವುದಿಲ್ಲ, ಇದನ್ನು ಎಷ್ಟೋ ಜನ ದುಡ್ಡು ಕಟ್ಟಿದ ಮೇಲೆ ತಿಳಿದುಕೊಳ್ಳುತ್ತಾರೆ.

ಟೀಚರ್ ಗಂಡ:

ನಾನು ಟೀಚರ್ ಅಲ್ಲ, ನನ್ನ ಹೆಂಡತಿ ಟೀಚರ್. ಒಂಬತ್ತು ವರ್ಷದಿಂದ ಅವಳ ಕೆಲಸದ ಹಿಂದೆ ದೇಶ ಬದಲಿಸಿದ್ದೇನೆ. ಮೇಡಂ, ನಿಮ್ಮ ಪೋಸ್ಟಿನಲ್ಲಿ ನನಗೆ ಚುಚ್ಚಿದ ಸಾಲು "ನಿನಗೆ ಎಲ್ಲಿ ಇಷ್ಟವೋ ಅಲ್ಲಿಗೆ ಹೋಗೋಣ" ಅನ್ನೋದು. ನಾನೂ ಇದನ್ನೇ ಹೇಳಿದ್ದೆ, ಮನಸಾರೆ ಹೇಳಿದ್ದೆ.

ಮೊದಲ ಮೂರು ತಿಂಗಳು ರಜೆ ಇದ್ದ ಹಾಗೆ ಇತ್ತು. ಮನೆ ಹುಡುಕಿದೆ, ಸಾಮಾನು ಜೋಡಿಸಿದೆ, ಮಗನನ್ನು ಶಾಲೆಗೆ ಬಿಟ್ಟು ಬಂದೆ. ನಾಲ್ಕನೇ ತಿಂಗಳಿಂದ ಬೆಳಗ್ಗೆ ಏಳೂವರೆಗೆ ಮನೆ ಖಾಲಿ. ಅವಳಿಗೆ ಶಾಲೆಯಲ್ಲಿ ಮೊದಲ ದಿನವೇ ಐವತ್ತು ಜನ ಪರಿಚಯ, ಮಗನಿಗೆ ಇಡೀ ಕ್ಲಾಸು. ನನಗೆ ಯಾರೂ ಇಲ್ಲ. ಅವಳು ಸಂಜೆ ಬಂದು ಶಾಲೆಯ ಕಥೆ ಹೇಳುವಾಗ ನಾನು ಸುಮ್ನೆ ಕೂತಿರುತ್ತಿದ್ದೆ, ಅವಳಿಗೆ ಅದು ಕೋಪ ಅನಿಸುತ್ತಿತ್ತು. ಕೋಪ ಅಲ್ಲ, ಹೇಳಲು ಏನೂ ಇರುತ್ತಿರಲಿಲ್ಲ. ಇಪ್ಪತ್ತು ವರ್ಷ ದುಡಿದ ಮನುಷ್ಯನಿಗೆ "ನೀವು ಏನು ಮಾಡ್ತೀರಿ?" ಅನ್ನೋ ಪ್ರಶ್ನೆಗೆ ಉತ್ತರ ಇಲ್ಲದೆ ಹೋಗುವುದು ಹೇಗಿರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ಆದ್ದರಿಂದ ಗಂಡನಿಗೆ ಅಲ್ಲಿ ಕೆಲಸ ಮಾಡುವ ಹಕ್ಕು ಇದೆಯಾ ಅಂತ ಇಬ್ಬರೂ ಕೂತು ವಿಚಾರಿಸಿ. ದೇಶದಿಂದ ದೇಶಕ್ಕೆ ಬೇರೆ. ಸಿಂಗಪುರದಲ್ಲಿ ಮೊದಲು ಡಿಪೆಂಡೆಂಟ್ ಪಾಸಿನ ಮೇಲೆ ಅನುಮತಿ ಪತ್ರ ತೆಗೆದುಕೊಂಡು ಕೆಲಸ ಮಾಡಬಹುದಿತ್ತು. 2021ರ ಮೇ ತಿಂಗಳಿಂದ ಬೇರೆ ವರ್ಕ್ ಪಾಸೇ ಬೇಕು ಅಂತ ಆಯಿತು, ನಮ್ಮ ಪರಿಚಯದ ಎರಡು ಮನೆಗೆ ಅದೇ ಕಾರಣಕ್ಕೆ ಊರು ಬಿಡಬೇಕಾಯಿತು. ಯುಎಇಯಲ್ಲಿ ಹೆಂಡತಿಯ ಸ್ಪಾನ್ಸರ್‌ಶಿಪ್ ಮೇಲೆ ಇದ್ದರೂ ಕೆಲಸ ಕೊಡುವ ಕಂಪನಿ ವರ್ಕ್ ಪರ್ಮಿಟ್ ಮಾಡಿಸಿದರೆ ದುಡಿಯಬಹುದು. ವಿಯೆಟ್ನಾಂನಲ್ಲಿ ನಿಮ್ಮ ಜೊತೆ ಬಂದ ಮಾತ್ರಕ್ಕೆ ಅವರು ಕೆಲಸ ಮಾಡುವಂತಿಲ್ಲ, ತಮ್ಮದೇ ವರ್ಕ್ ಪರ್ಮಿಟ್ ಬೇಕು. ಸಿವಿಲ್ ಇಂಜಿನಿಯರ್ ಅಂದರೆ ದುಬೈನಲ್ಲಿ ಕಟ್ಟುವ ಕೆಲಸಕ್ಕೆ ಬರ ಇಲ್ಲ, ಭಾಷೆಯ ತೊಡಕೂ ಕಡಿಮೆ.

ಒಂದೇ ಒಂದು ವಿನಂತಿ. ಅವರು "ಪರವಾಗಿಲ್ಲ" ಅಂದಾಗ ನಂಬಬೇಡಿ. ಮತ್ತೆ ಕೇಳಿ.

ಫಿಸಿಕ್ಸ್ ಮೇಡಂ:

ಟೀಚರ್ ಗಂಡ ಸರ್, ನಿಮ್ಮ ಉತ್ತರ ನನ್ನ ಗಂಡನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ನನಗೂ ಇದೇ ಭಯ ಇತ್ತು, ನಿನ್ನ ಖುಷಿ ನೋಡಿ ಹೇಳಲಿಲ್ಲ" ಅಂದರು. ರಾತ್ರಿ ಒಂದು ಗಂಟೆವರೆಗೆ ಮಾತಾಡಿದೆವು. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ಐಬಿ ಕೆಮಿಸ್ಟ್ರಿ ಮೇಡಂ, ವೆಬ್‌ಸೈಟ್ ನೋಡಿದೆ. ಹನೋಯ್ ಶಾಲೆಗೆ ಪಿವೈಪಿ ಅನುಮತಿ ಇದೆ. ಡಿಪ್ಲೊಮಾಗೆ ಇನ್ನೂ ಕ್ಯಾಂಡಿಡೇಟ್! ಇಂಟರ್‌ವ್ಯೂನಲ್ಲಿ ಇದನ್ನು ಯಾರೂ ಹೇಳಲಿಲ್ಲ. ಎರಡೂ ಶಾಲೆಗೆ ನಿಮ್ಮೆಲ್ಲರ ಪ್ರಶ್ನೆಗಳನ್ನು ಮೇಲ್ ಮಾಡಿದ್ದೇನೆ.

ವಾಪಸ್ ಬಂದ ಇಂಗ್ಲಿಷ್ ಟೀಚರ್:

ನಾನು ಹನ್ನೆರಡು ವರ್ಷ ಹೊರಗಿದ್ದು ಮೂರು ವರ್ಷದ ಹಿಂದೆ ವಾಪಸ್ ಬಂದೆ. ಮಗುವಿನ ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಏಳು ವರ್ಷಕ್ಕೆ ಹೋಗುವುದು ಸುಲಭ. ಮಗಳು ಆರು ತಿಂಗಳಲ್ಲಿ ನಿಮಗಿಂತ ಚೆನ್ನಾಗಿ ಹೊಂದಿಕೊಳ್ಳುತ್ತಾಳೆ. ಕಷ್ಟ ಬರುವುದು ಪ್ರತಿ ಜೂನ್ ತಿಂಗಳಲ್ಲಿ. ಆ ಶಾಲೆಗಳಲ್ಲಿ ಎಷ್ಟೋ ಮಕ್ಕಳು ಅಪ್ಪ ಅಮ್ಮನ ವರ್ಗಾವಣೆ ಜೊತೆ ಹೊರಟು ಹೋಗುತ್ತಾರೆ, ಟೀಚರ್‌ಗಳೂ ಹೋಗುತ್ತಾರೆ. ನನ್ನ ಮಗಳು ಐದು ವರ್ಷದಲ್ಲಿ ನಾಲ್ಕು ಸಲ ಅತ್ಯಂತ ಹತ್ತಿರದ ಗೆಳತಿಯನ್ನು ಕಳಿಸಿಕೊಟ್ಟಳು. ಐದನೇ ವರ್ಷ "ಈ ಸಲ ಯಾರನ್ನೂ ಫ್ರೆಂಡ್ ಮಾಡ್ಕೊಳ್ಳಲ್ಲ ಅಮ್ಮ" ಅಂದಳು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಇದೆ.

ಇಂಥ ಮಕ್ಕಳಿಗೆ "ಥರ್ಡ್ ಕಲ್ಚರ್ ಕಿಡ್ಸ್" ಅಂತ ಹೆಸರು ಕೊಟ್ಟಿದ್ದು ರೂತ್ ಹಿಲ್ ಯೂಸೀಮ್ ಅನ್ನೋ ಸಮಾಜಶಾಸ್ತ್ರಜ್ಞೆ, 1950ರ ದಶಕದಲ್ಲಿ. ಅಪ್ಪ ಅಮ್ಮನ ಸಂಸ್ಕೃತಿ ಒಂದು, ಇರುವ ದೇಶದ್ದು ಇನ್ನೊಂದು, ಇವರು ಎರಡರ ನಡುವೆ ತಮ್ಮದೇ ಮೂರನೆಯದು ಕಟ್ಟಿಕೊಳ್ಳುತ್ತಾರೆ. ಅದರಲ್ಲಿ ಒಳ್ಳೆಯದೂ ಬಹಳ ಇದೆ, ನನ್ನ ಮಗಳು ಯಾರ ಜೊತೆ ಬೇಕಾದರೂ ಮಾತಾಡಬಲ್ಲಳು. ಆದರೆ "ನಿನ್ನ ಊರು ಯಾವುದು" ಅಂದರೆ ಇವತ್ತಿಗೂ ತಡವರಿಸುತ್ತಾಳೆ. ಮನೆಯಲ್ಲಿ ಕನ್ನಡ ಬಿಡಬೇಡಿ. ಓದಲು ಬರೆಯಲು ಕಲಿಸಿ, ಮಾತು ಒಂದೇ ಸಾಲದು. ಐಬಿ ಡಿಪ್ಲೊಮಾದಲ್ಲಿ ಶಾಲೆಯಲ್ಲಿ ಟೀಚರ್ ಇಲ್ಲದ ಭಾಷೆಯ ಸಾಹಿತ್ಯವನ್ನೂ ಸ್ವಂತ ಓದಿನಿಂದ, ಶಾಲೆಯ ಬೆಂಬಲದಲ್ಲಿ ತೆಗೆದುಕೊಳ್ಳುವ ದಾರಿ ಇದೆ. ಆ ಬಾಗಿಲು ಹದಿನಾರಕ್ಕೆ ತೆರೆದಿರಬೇಕಾದರೆ ಏಳಕ್ಕೆ ಶುರು ಮಾಡಬೇಕು.

ದೇಶ ಬದಲಿಸುವುದಾದರೆ ಹದಿನಾಲ್ಕರ ಒಳಗೆ ಬದಲಿಸಿ. ಹದಿನಾಲ್ಕರಿಂದ ಹದಿನಾರು ಐಜಿಸಿಎಸ್‌ಇ, ಆಮೇಲೆ ಎರಡು ವರ್ಷ ಎ ಲೆವೆಲ್ ಅಥವಾ ಡಿಪ್ಲೊಮಾ. ನಾನು ಹದಿನೈದನೇ ವಯಸ್ಸಿನಲ್ಲಿ ಎತ್ತಿ ತಂದೆ, ಅಮ್ಮನಿಗೆ ಹುಷಾರಿರಲಿಲ್ಲ, ಬೇರೆ ದಾರಿ ಇರಲಿಲ್ಲ. ಸಿಲಬಸ್ ಬೇರೆ, ಪರೀಕ್ಷೆ ಬರೆಯುವ ರೀತಿ ಬೇರೆ. ಅವಳು ಒಂದು ವರ್ಷ ಕಳೆದುಕೊಂಡಳು.

ಅಂದಹಾಗೆ, ವಯಸ್ಸಾದ ಅಪ್ಪ ಅಮ್ಮ ಇದ್ದರೆ ತುರ್ತು ರಜೆ ಎಷ್ಟು ದಿನ, ಸಂಬಳ ಸಹಿತವೋ ಅಂತ ಕೇಳಿ ಇಟ್ಟುಕೊಳ್ಳಿ. ದುಬೈಗೂ ಹನೋಯ್‌ಗೂ ವಿಮಾನದ ದಾರಿ ಬೇರೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೊಸ ಸೂಟ್‌ಕೇಸ್:

ಎಲ್ಲರೂ ಹೇಳಿದ್ದು ಓದಿದೆ. ನನಗೆ 27, ಒಬ್ಬಳೇ, ಎರಡನೇ ಕಾಂಟ್ರಾಕ್ಟ್ ನಡೆಯುತ್ತಿದೆ. ನಿಮ್ಮೆಲ್ಲರ ಮಾತಲ್ಲಿ ಭಾರ ಜಾಸ್ತಿ ಆಯಿತು ಅನಿಸಿತು, ಅದಕ್ಕೆ ಇದನ್ನೂ ಹೇಳಬೇಕು. ಈ ಕೆಲಸ ತುಂಬಾ ಚೆನ್ನಾಗಿದೆ! ನನ್ನ ಕ್ಲಾಸಿನ ಹದಿನೆಂಟು ಮಕ್ಕಳ ಮನೆಯಲ್ಲಿ ಹನ್ನೊಂದು ಭಾಷೆ ಇವೆ. ಭಿನ್ನರಾಶಿ ಹೇಳಿಕೊಡಲು ನಾನು ಇಲ್ಲಿ ಹುಡುಕಿದಷ್ಟು ದಾರಿ ಹಿಂದೆ ಎಂದೂ ಹುಡುಕಿರಲಿಲ್ಲ. ಟೀಚರ್ ಆಗಿ ನಾನು ಬೆಳೆದಿದ್ದೇ ಇಲ್ಲಿ.

ಮೊದಲ ವರ್ಷ ಮಾತ್ರ ಒಂದು ತಪ್ಪು ಮಾಡಿದೆ, ಪ್ರತಿ ರಜೆಗೂ ಟಿಕೆಟ್ ತೆಗೆದು ಸುತ್ತಿದೆ. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಹೋಗುತ್ತಾರೆ, ನಾವೂ ಹೋಗುತ್ತೇವೆ. ವರ್ಷದ ಕೊನೆಗೆ ಖಾತೆಯಲ್ಲಿ ಏನೂ ಇರಲಿಲ್ಲ. ಈಗ ಸಂಬಳ ಬಂದ ದಿನವೇ ಮೂರನೇ ಒಂದು ಭಾಗ ಬೇರೆ ಖಾತೆಗೆ ಹೋಗುತ್ತದೆ, ಉಳಿದಿದ್ದರಲ್ಲಿ ಬದುಕು.

ಫಿಸಿಕ್ಸ್ ಮೇಡಂ:

ನಿನ್ನೆ ಎರಡೂ ಕಡೆಯಿಂದ ಉತ್ತರ ಬಂತು.

ಹನೋಯ್ ಪ್ರಿನ್ಸಿಪಾಲ್ ಪ್ರಾಮಾಣಿಕವಾಗಿ ಬರೆದಿದ್ದಾರೆ. ಡಿಪ್ಲೊಮಾ ಅನುಮತಿ ಬರುವುದು ಇನ್ನೂ ತಡ, ಅಲ್ಲಿಯವರೆಗೆ ನಾನು ಕೆಳಗಿನ ಕ್ಲಾಸಿಗೆ ಜನರಲ್ ಸೈನ್ಸ್ ಮಾಡಬೇಕು. ನಾನು ಐಬಿಗಾಗಿಯೇ ಅಲ್ಲಿಗೆ ಹೋಗಬೇಕು ಅಂದುಕೊಂಡಿದ್ದೆ, ಎರಡು ವರ್ಷದ ಕಾಂಟ್ರಾಕ್ಟಿನಲ್ಲಿ ಒಂದು ಬ್ಯಾಚೂ ಸಿಗುವುದಿಲ್ಲ ಅಂದರೆ ಆ ಕಾರಣವೇ ಉಳಿಯಲಿಲ್ಲ. ಬೇಜಾರಾಯಿತು, ಆ ಮನುಷ್ಯರ ಜೊತೆ ಕೆಲಸ ಮಾಡಬೇಕು ಅಂತ ಇನ್ನೂ ಆಸೆ ಇದೆ. ಅನುಮತಿ ಬಂದ ಮೇಲೆ ಮತ್ತೆ ಮಾತಾಡೋಣ ಅಂತ ಅವರೇ ಬರೆದಿದ್ದಾರೆ.

ದುಬೈನವರು ಸ್ಕೇಲ್ ಕಳಿಸಿದರು, ಎಲ್ಲ ಪಾಸ್‌ಪೋರ್ಟಿಗೂ ಒಂದೇ. ಬೇಸಿಕ್ ನೂರಕ್ಕೆ 60. ಮಗಳ ಸೀಟು ಪೂರ್ತಿ ಫ್ರೀ, ಕಾಂಟ್ರಾಕ್ಟಿನಲ್ಲೇ ಬರೆದು ಕೊಡುತ್ತಾರೆ. ಅಲ್ಲಿನ ಫಿಸಿಕ್ಸ್ ಟೀಚರ್ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಿಸಿದರು, ಆರು ವರ್ಷದಿಂದ ಅಲ್ಲೇ ಇದ್ದಾರಂತೆ, ಕೆಲಸ ಜಾಸ್ತಿ ಆದರೆ ಒಬ್ಬರಿಗೊಬ್ಬರು ಆಗುತ್ತೇವೆ ಅಂದರು. ದುಬೈನ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೆಎಚ್‌ಡಿಎಯ ತಪಾಸಣೆ ವರದಿಯೂ ಆನ್‌ಲೈನ್‌ನಲ್ಲಿ ಸಿಕ್ಕಿತು, ಕೂತು ಓದಿದೆ, ಸೈನ್ಸ್ ಭಾಗ ಚೆನ್ನಾಗಿದೆ. ಗಂಡ ಆಗಲೇ ಎರಡು ಕಂಪನಿಗೆ ಬಯೋಡೇಟಾ ಕಳಿಸಿದ್ದಾರೆ.

ದುಬೈಗೆ ಒಪ್ಪಿಕೊಳ್ಳುತ್ತಿದ್ದೇವೆ. ಐಬಿ ವರ್ಕ್‌ಶಾಪನ್ನು ನನ್ನ ಖರ್ಚಿನಲ್ಲೇ ಆನ್‌ಲೈನ್ ಮಾಡಿಕೊಳ್ಳುತ್ತೇನೆ. ಕಾಗದಪತ್ರ ಎಲ್ಲಿಂದ ಶುರು ಮಾಡಲಿ?

ಮೂರು ದೇಶದ ಲೆಕ್ಕದ ಮೇಷ್ಟ್ರು:

ಒಳ್ಳೆಯದಾಯಿತು ಮೇಡಂ, ತುಂಬಾ ಸಂತೋಷ.

ಡಿಗ್ರಿ, ಬಿಎಡ್, ಮದುವೆ ಸರ್ಟಿಫಿಕೇಟ್, ಮಗಳ ಬರ್ತ್ ಸರ್ಟಿಫಿಕೇಟ್, ಈ ನಾಲ್ಕರ ಅಟೆಸ್ಟೇಷನ್ ನಾಳೆಯೇ ಶುರು ಮಾಡಿ. ಕೊನೆಯ ಎರಡಿಲ್ಲದೆ ನೀವು ಗಂಡನನ್ನೂ ಮಗಳನ್ನೂ ಸ್ಪಾನ್ಸರ್ ಮಾಡಲು ಆಗುವುದಿಲ್ಲ. ಎಂಬಸಿ ಅಟೆಸ್ಟೇಷನ್ನೋ, ಅಪೋಸ್ಟಿಲ್ (ಎಂಬಸಿಗೆ ಹೋಗದೆ ನಮ್ಮ ಸರ್ಕಾರವೇ ಹಾಕುವ ದೃಢೀಕರಣ) ಸಾಕೋ ಅಂತ ಶಾಲೆಯ ಎಚ್‌ಆರ್ ಅವರಿಂದ ಮೇಲ್‌ನಲ್ಲೇ ಬರೆಸಿಕೊಳ್ಳಿ. ದೇಶಕ್ಕೊಂದು ನಿಯಮ, ಚೀನಾ ಕೂಡ ಅಪೋಸ್ಟಿಲ್ ಒಪ್ಪಲು ಶುರು ಮಾಡಿದ್ದು 2023ರ ನವೆಂಬರಿನಲ್ಲಿ. ಹೆಸರಿನ ಸ್ಪೆಲಿಂಗ್ ಎಲ್ಲ ಕಾಗದದಲ್ಲೂ ಪಾಸ್‌ಪೋರ್ಟಿನ ಹಾಗೇ ಇದೆಯಾ ನೋಡಿ, ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ವಾರಗಟ್ಟಲೆ ಓಡಾಟ.

ಪೊಲೀಸ್ ಕ್ಲಿಯರೆನ್ಸ್ ಹೊರಡುವ ಮೊದಲೇ ತೆಗೆದುಕೊಳ್ಳಿ, ಒಂದು ಪ್ರತಿ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಯಾವ ದೇಶಕ್ಕೆ ಹೋದರೂ ನೀವು ಇದ್ದ ಪ್ರತಿ ದೇಶದ್ದೂ ಕೇಳುತ್ತಾರೆ. ನಾನು ಮೊದಲ ಗಲ್ಫ್ ದೇಶ ಬಿಡುವಾಗ ತೆಗೆದುಕೊಳ್ಳಲಿಲ್ಲ, ನಾಲ್ಕು ವರ್ಷ ಆದಮೇಲೆ ದೂರದಿಂದ ತರಿಸಲು ಮೂರು ತಿಂಗಳು ಹಿಡಿಯಿತು.

ವೀಸಾ ಖರ್ಚು, ನೇಮಕಾತಿ ಖರ್ಚು ಅಂತ ಯಾರಾದರೂ ನಿಮ್ಮಿಂದ ದುಡ್ಡು ಕೇಳಿದರೆ ಕೊಡಬೇಡಿ, ಯುಎಇ ಕಾನೂನಿನ ಪ್ರಕಾರ ಅದು ಕೆಲಸ ಕೊಡುವವರ ಖರ್ಚು. ಪ್ರೊಬೇಷನ್ ಆರು ತಿಂಗಳಿಗಿಂತ ಜಾಸ್ತಿ ಬರೆದಿದ್ದರೆ ಅದನ್ನೂ ಕೇಳಿ. ಸಹಿ ಹಾಕುವ ಮುಂಚೆ ಅನುಮಾನ ಇರುವ ಸಾಲು ಇಲ್ಲಿ ಹಾಕಿ, ಶಾಲೆಯ ಹೆಸರು ತೆಗೆದು ಹಾಕಿ. ನೋಡಿ ಹೇಳುತ್ತೇನೆ.